ಚಕ್ಕುಲಿಯ ಮೊದಲ ಕಡಿತವೂ ನನ್ನ ಹೊಸ ಫಿಲ್ಲಿಂಗೂ

ನಾಲಿಗೆಯಷ್ಟು ಕುತೂಹಲದ ಪ್ರಾಣಿ ಇನ್ನೊಂದಿಲ್ಲ. ನಮ್ಮ ಬೀದಿಗೆ ಹೊಸ ಬಾಡಿಗೆಯವರು ಬಂದರೆ ಪಕ್ಕದ ಮನೆಯ ಗಿರಿಜಕ್ಕ ಒಮ್ಮೆ ಕರಿಬೇವಿನ ನೆವ, ಒಮ್ಮೆ ನಲ್ಲಿನೀರಿನ ನೆವ ಹಿಡಿದು ಅವರ ಬಾಗಿಲಿಗೆ ಹೇಗೆ ಹೋಗಿ ಬರುತ್ತಾಳೋ, ಹಾಗೆಯೇ ನನ್ನ ನಾಲಿಗೆ ಈಗ ಬಲಗಡೆಯ ಕೆಳದವಡೆಗೆ ಹೋಗಿ ಬರುತ್ತಿದೆ. ಅಲ್ಲಿ ಹೊಸದಾಗಿ ಒಂದು ಫಿಲ್ಲಿಂಗ್ ಬಂದು ಕೂತಿದೆ. ಪೇಪರ್ ಓದುವಾಗ, ದೇವರಿಗೆ ದೀಪ ಹಚ್ಚುವಾಗ, ಯಾರಾದರೂ ತಮ್ಮ ಬೀಪಿಯ ಕಥೆ ಹೇಳುವಾಗ, ನಾನು ಗಂಭೀರವಾಗಿ ತಲೆಯಾಡಿಸುತ್ತಿರುತ್ತೇನೆ. ಒಳಗೆ ನಾಲಿಗೆ ಮಾತ್ರ ಆ ಹೊಸ ಬಾಡಿಗೆಯವರ ಅಂಗಳ ಗುಡಿಸುತ್ತಿರುತ್ತದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ‘ಡೋಂಟ್ ಫಿಜೆಟ್, ಚೈಲ್ಡ್’ ಎಂದು ಗದರುತ್ತಿದ್ದರು. ಎಪ್ಪತ್ತು ದಾಟಿದ ಚೈಲ್ಡ್‌ಗೆ ಗದರುವವರು ಈಗ ಯಾರೂ ಉಳಿದಿಲ್ಲ, ಒಬ್ಬಳು ಡೆಂಟಿಸ್ಟನ್ನು ಬಿಟ್ಟರೆ.

ಆ ಡೆಂಟಿಸ್ಟ್ ನನ್ನ ಹಳೆಯ ಸ್ಟೂಡೆಂಟ್. ಹೆಸರು ವಿನುತಾ. ಹೊಸನಗರದ ಕಡೆಯ ಹುಡುಗಿ, ಸಾಗರದಲ್ಲಿ ಅಜ್ಜಿಮನೆಯಲ್ಲಿದ್ದು ಓದಿದವಳು. ಕ್ಲಾಸಿನಲ್ಲಿ ಮಾತಿನ ಮಲ್ಲಿ. ವರ್ಷವಿಡೀ ಅವಳಿಗೆ ನಾನು ಹೇಳಿದ ಒಂದೇ ಇಂಗ್ಲಿಷ್ ವಾಕ್ಯ ‘ವಿನುತಾ, ಶಟ್ ಯುವರ್ ಮೌತ್’. ಈಗ ಅವಳು ಸೇಡು ತೀರಿಸಿಕೊಳ್ಳುತ್ತಾಳೆ.

“ಬಾಯಿ ತೆಗೀರಿ ಟೀಚರ್. ಇನ್ನೂ ದೊಡ್ಡದಾಗಿ. ಈಗ ಮಾತಾಡಂಗಿಲ್ಲ.”

ಕುರ್ಚಿಯಲ್ಲಿ ಒರಗಿಸಿ, ಲೈಟು ಹಾಕಿ, ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿ, ಕೊರೆದು, ತೊಳೆದು, ಅವಳು ಒಂದು ಸಣ್ಣ ಕನ್ನಡಿಯಲ್ಲಿ ನನ್ನ ಹಲ್ಲನ್ನು ನನಗೇ ತೋರಿಸಿದಳು. ಕವಲೇದುರ್ಗದ ಕೋಟೆ ನೆನಪಾಯಿತು. ಸುತ್ತ ಗೋಡೆ ಗಂಭೀರವಾಗಿ ನಿಂತಿದೆ, ಒಳಗೆ ಅರಮನೆ ಇದ್ದ ಜಾಗದಲ್ಲಿ ಬರೀ ಬಯಲು. ಆ ಬಯಲಿಗೆ ಅವಳು ಏನನ್ನೋ ಮೆತ್ತಿ, ನೀಲಿ ಬೆಳಕು ಹಾಯಿಸಿ, ಮಟ್ಟ ಮಾಡಿದಳು. ಆಮೇಲೆ ಶುರುವಾಯಿತು ಉಪದೇಶ.

“ಮರಗಟ್ಟಿದ್ದು ಬಿಡೋವರ್ಗೂ ಏನೂ ತಿನ್ಬೇಡಿ, ಕೆನ್ನೆ ಕಚ್ಕೋತೀರಿ. ಸುಡೋ ಕಾಫಿ ಬೇಡ. ಸ್ವಲ್ಪ ದಿನ ತಣ್ಣಂದಕ್ಕೆ ಜುಂ ಅನ್ನಬಹುದು, ಹೆದರ್ಬೇಡಿ. ಬ್ರಷ್ಷು ಮೆತ್ತಂದು ತಗೊಳಿ, ನೆಲ ತಿಕ್ಕಿದ ಹಾಗೆ ತಿಕ್ಬೇಡಿ. ಕಚ್ಚಿದಾಗ ಫಿಲ್ಲಿಂಗ್ ಎತ್ತರ ಅನ್ನಿಸಿದ್ರೆ ವಾಪಸ್ ಬನ್ನಿ, ಉಜ್ಜಿ ಮಟ್ಟ ಮಾಡಿ ಕೊಡ್ತೀನಿ. ಮತ್ತೆ, ಗಟ್ಟಿ ಪದಾರ್ಥ ಈ ಕಡೆಯಿಂದ ಕಡಿಯೋ ಹಾಗಿಲ್ಲ.”

ಅರ್ಧ ಬಾಯಿ ಸತ್ತಿತ್ತು. ಉಳಿದರ್ಧದಲ್ಲಿ ಕೇಳಿದೆ: “ಈ ಕಡೆ ಬೇಡ ಅಂದ್ರೆ ಯಾವ ಕಡೆ ಮಾರಾಯ್ತಿ? ಆ ಕಡೆ ಹಲ್ಲೆಲ್ಲಿದೆ?”

ಅದು ನಿಜ. ನನ್ನ ಎಡದವಡೆಯ ಹಲ್ಲುಗಳು ಒಂದೊಂದಾಗಿ ರಿಟೈರ್ ಆಗಿ ಬಹಳ ಕಾಲವಾಯಿತು. ಮೇಲೆ ಕೆಳಗೆ ಎದುರುಬದುರು ಕೂತು ಅಗಿಯುವ ಒಂದೇ ಜೋಡಿ ಬಲಗಡೆಯದು. ಈ ಫಿಲ್ಲಿಂಗ್ ಬಿದ್ದದ್ದು ಆ ಜೋಡಿಯಲ್ಲಿ ಒಂದಕ್ಕೆ.

“ಅದಕ್ಕೇ ಹೇಳ್ತಿರೋದು ಟೀಚರ್. ಗೋಡೆ ತೆಳ್ಳಗಿದೆ. ಸೀಳಿತು ಅಂದ್ರೆ ಆಮೇಲೆ ಫಿಲ್ಲಿಂಗ್ ಅಲ್ಲ, ಹಲ್ಲೇ ಕೀಳ್ಬೇಕು. ಚೌತಿ ಹತ್ರ ಬಂತು, ನಿಮ್ಮ ಬೀದಿ ಚಕ್ಕುಲಿ ಕಂಬಳ ನಂಗೊತ್ತಿದೆ. ಹಬ್ಬ ಮುಗಿಯೋವರ್ಗೂ ಚಕ್ಕುಲಿ ಮುಟ್ಟಂಗಿಲ್ಲ. ಪ್ರಾಮಿಸ್?”

ಮರಗಟ್ಟಿದ ತುಟಿಯಿಂದ ಪ್ರಾಮಿಸ್ ಎನ್ನಲು ಬರುವುದಿಲ್ಲ. ಆ ಅನುಕೂಲವನ್ನು ಬಳಸಿಕೊಂಡು ಬರೀ ಗೋಣು ಆಡಿಸಿ ಹೊರಬಿದ್ದೆ.

ಚಕ್ಕುಲಿ ಕಂಬಳ ಎಂದರೆ ಕೋಣಗಳ ಓಟವಲ್ಲ, ಹೊರಗಿನವರು ಗಾಬರಿಯಾಗಬೇಡಿ. ಚೌತಿಗೆ ಮುಂಚೆ ಒಂದು ದಿನ ಊರವರೆಲ್ಲ ಒಂದು ಮನೆಯಲ್ಲಿ ಸೇರಿ ಕೈಯಿಂದ ಚಕ್ಕುಲಿ ಸುತ್ತುವುದು. ಒರಳು, ಅಚ್ಚು ಏನೂ ಇಲ್ಲ. ಹದವಾಗಿ ನಾದಿದ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯುತ್ತ, ಹೊಸೆಯುತ್ತಲೇ ಮುಳ್ಳು ಎಬ್ಬಿಸುತ್ತ, ಸುತ್ತಿನ ಮೇಲೆ ಸುತ್ತು ಕೂರಿಸಬೇಕು. ಅದು ಗಂಡಸರ ಕಸುಬು. ವರ್ಷವಿಡೀ ಒಂದು ಲೋಟ ತೊಳೆಯದ ಗಂಡಸರು ಆ ದಿನ ಮಣೆಯ ಮೇಲೆ ಸಾಲಾಗಿ ಕೂತು ‘ನನ್ನ ಸುತ್ತು ನೋಡಿ’, ‘ನನ್ನ ಮುಳ್ಳು ನೋಡಿ’ ಎಂದು ಮೆರೆಯುತ್ತಾರೆ. ಹಳ್ಳಿ ಬಿಟ್ಟು ಸಾಗರದ ಪೇಟೆಗೆ ಬಂದು ನಿಂತ ನಾವು ಕೆಲವು ಮನೆಯವರು ಅದನ್ನು ಇಲ್ಲಿಗೂ ತಂದಿದ್ದೇವೆ. ಎದುರುಮನೆಯ ಸುಬ್ರಾಯನ ಕಾರ್ ಷೆಡ್ಡಿನಲ್ಲಿ ಕಂಬಳ. ಕಾರು ಆ ದಿನ ಬೀದಿಯಲ್ಲಿ ಬಿಸಿಲು ಕಾಯುತ್ತದೆ.

ಆ ಕಂಬಳದಲ್ಲಿ ನನಗೊಂದು ಪದವಿ ಇದೆ. ಎಣ್ಣೆಯಿಂದ ಮೇಲೆದ್ದ ಮೊದಲ ಒಬ್ಬೆಯ ಮೊದಲ ಚಕ್ಕುಲಿ ನನ್ನ ಕೈಗೆ ಬರಬೇಕು. ನಾನು ಕಡಿದು, ಅಗಿದು ‘ಆತು’ ಎನ್ನುವ ತನಕ ಬಾಣಲೆಗೆ ಎರಡನೆಯ ಒಬ್ಬೆ ಬೀಳುವುದಿಲ್ಲ. ಈ ಪದವಿ ನನ್ನ ಅತ್ತೆಯವರಿಂದ ನನಗೆ ಬಂದದ್ದು. ಅವರ ಕೊನೆಯ ದವಡೆಹಲ್ಲು ಹೋದ ವರ್ಷ, ಅವರು ಚಕ್ಕುಲಿಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಏನೂ ಹೇಳದೆ ನನ್ನ ತಟ್ಟೆಗೆ ಇಟ್ಟಿದ್ದರು. ಇಂಗ್ಲಿಷ್ ಸ್ಕೂಲಿನ ಹುಡುಗಿ, ಚಕ್ಕುಲಿಗೆ ‘ಸ್ನ್ಯಾಕ್’ ಎನ್ನುವವಳು ಎಂದು ಮೊದಮೊದಲು ನನ್ನನ್ನು ನೋಡಿ ನಗುತ್ತಿದ್ದವರೆಲ್ಲ ಅಂದು ಸುಮ್ಮನಾದರು. ಎಂಎ ಡಿಗ್ರಿ ಬಂದಾಗಲೂ ನನಗೆ ಅಷ್ಟು ಜಂಬ ಬಂದಿರಲಿಲ್ಲ.

ಹಾಗಾಗಿ ವಿನುತಾ ಹೇಳಿದ್ದು ನನಗೆ ಹಲ್ಲಿನ ಮಾತಾಗಿ ಕೇಳಲಿಲ್ಲ. ಕಡಿದರೆ ಹಲ್ಲು ಹೋಗುತ್ತದೆ. ಕಡಿಯದಿದ್ದರೆ ಮೊದಲ ಕಡಿತ ಹೋಗುತ್ತದೆ. ನನ್ನ ಅತ್ತೆಯವರ ಕೈಯಿಂದ ಜಾರಿದ್ದು ಈಗ ನನ್ನ ಕೈಯಿಂದ ಜಾರಿದರೆ ನಾನು ಮುದುಕಿಯಾದೆ ಎಂದು ಸುಬ್ರಾಯನ ಕಾರ್ ಷೆಡ್ಡಿನಲ್ಲಿ ಸಾರ್ವಜನಿಕವಾಗಿ ಡಿಕ್ಲೇರ್ ಆದಂತೆ.

ಹಲ್ಲಿನ ವಿಷಯದಲ್ಲಿ ನಾನು ಚಿಕ್ಕಂದಿನಿಂದಲೂ ಎರಡು ದೋಣಿಯಲ್ಲಿ ಕಾಲಿಟ್ಟವಳು. ನಮ್ಮ ಊರಿನಲ್ಲಿ ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯಬೇಕು. ಆಗ ಹೊಸ ಹಲ್ಲು ನೆಟ್ಟಗೆ ಬರುತ್ತದೆ. ಕಾನ್ವೆಂಟಿನ ಹಾಸ್ಟೆಲ್ಲಿಗೆ ಸೇರಿದ ಮೇಲೆ ಸಿಸ್ಟರ್ ಬೇರೆಯೇ ಕಥೆ ಹೇಳಿದರು. ಹಲ್ಲನ್ನು ದಿಂಬಿನ ಕೆಳಗಿಟ್ಟು ಮಲಗಿದರೆ ಟೂತ್ ಫೇರಿ ಎಂಬ ರೆಕ್ಕೆಯ ಪುಟ್ಟಿ ಬಂದು ಹಲ್ಲು ತೆಗೆದುಕೊಂಡು ಪೆಪ್ಪರ್‌ಮಿಂಟ್ ಇಟ್ಟು ಹೋಗುತ್ತಾಳಂತೆ. ನನ್ನ ಮುಂದಿನ ಹಲ್ಲು ಬಿದ್ದ ದಿನ ದೊಡ್ಡ ಸಂದಿಗ್ಧ. ಸಗಣಿ ಬಿಟ್ಟರೆ ಹಲ್ಲು ಸೊಟ್ಟ ಬರುತ್ತದೆ, ಫೇರಿಯನ್ನು ಬಿಟ್ಟರೆ ಪೆಪ್ಪರ್‌ಮಿಂಟ್ ಹೋಗುತ್ತದೆ. ಕಾನ್ವೆಂಟಿನ ಹಿತ್ತಿಲಲ್ಲಿ ಹಸುಗಳಿದ್ದವು. ನಾನು ಬುದ್ಧಿವಂತಿಕೆಯಿಂದ ಹಲ್ಲನ್ನು ಒಳ್ಳೆಯ ತಾಜಾ ಸಗಣಿಯಲ್ಲಿ ಉಂಡೆ ಕಟ್ಟಿ, ಬಿಳೀ ದಿಂಬಿನ ಕೆಳಗೆ ಇಟ್ಟು ಮಲಗಿದೆ.

ಬೆಳಿಗ್ಗೆ ಫೇರಿ ಬಂದಿರಲಿಲ್ಲ, ಸಿಸ್ಟರ್ ಬಂದಿದ್ದರು. ಮೂಗು ಮುಚ್ಚಿಕೊಂಡು ದಿಂಬು ಎತ್ತಿದ ಅವರಿಗೆ ನಾನು ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಸಿ ವಿವರಿಸಿದೆ: “ಸಿಸ್ಟರ್, ಟೂತ್ ಈಸ್ ಇನ್‌ಸೈಡ್. ಕೌ ಈಸ್ ಔಟ್‌ಸೈಡ್.” ಅವರು ನಗು ತಡೆಯಲಾರದೆ ವೆರಾಂಡಕ್ಕೆ ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಬೆಡ್‌ಶೀಟನ್ನು ನಾನೇ ಒಗೆಯಬೇಕಾಯಿತು. ಒಗೆದು ಬಂದಾಗ ಡೆಸ್ಕಿನ ಮೇಲೆ ಒಂದು ಪೆಪ್ಪರ್‌ಮಿಂಟ್ ಇತ್ತು.

ಅದೇ ಸಿಸ್ಟರ್ ಊಟದ ಹಾಲಿನಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಬಾಯಿ ಮುಚ್ಚಿಕೊಂಡು ಅಗಿಯಬೇಕು, ಸದ್ದು ಬರಬಾರದು. ಮನೆಯಿಂದ ತಂದ ಚಕ್ಕುಲಿಯನ್ನು ಸದ್ದಿಲ್ಲದೆ ತಿನ್ನುವ ವಿದ್ಯೆಯನ್ನು ನಾವು ಹುಡುಗಿಯರು ಕಂಡುಹಿಡಿದಿದ್ದೆವು. ಬಾಯಲ್ಲಿ ನೆನೆಸಿ, ಮೆತ್ತಗಾಗಿಸಿ ನುಂಗುವುದು. ಸದ್ದಿಲ್ಲದ ಚಕ್ಕುಲಿ ತಿಂದರೆ ಚಕ್ಕುಲಿ ತಿಂದ ಹಾಗೇ ಆಗುವುದಿಲ್ಲ ಎಂಬ ಜ್ಞಾನ ನನಗೆ ಅಲ್ಲೇ ಆದದ್ದು. ಚಕ್ಕುಲಿಯ ಅರ್ಧ ರುಚಿ ಕಿವಿಗೆ.

ಇರಲಿ, ಹಲ್ಲಿಗೆ ಬರೋಣ. ಫಿಲ್ಲಿಂಗ್ ಆದ ದಿನ ಮನೆಗೆ ಬಂದು, ಮರಗಟ್ಟಿದ್ದು ಬಿಟ್ಟಿತೆಂದುಕೊಂಡು ಕಾಫಿ ಕುಡಿದೆ. ಬಿಟ್ಟಿರಲಿಲ್ಲ. ಅರ್ಧ ಕಾಫಿ ಗಂಟಲಿಗೆ, ಅರ್ಧ ಸೀರೆಗೆ. ಆ ಹೊತ್ತಿಗೇ ಕರಿಬೇವು ಕೇಳಲು ಬಂದ ಗಿರಿಜಕ್ಕ ಬಾಗಿಲಲ್ಲೇ ನಿಂತಳು.

“ಬಾಯಿ ಎಂತಕ್ಕೆ ಸೊಟ್ಟಾಜೆ ಶಾರದೆ?”

“ಎಂತದೂ ಇಲ್ಲೆ. ಹಲ್ಲು ಕ್ಲೀನ್ ಮಾಡ್ಸಿದ್ದಿ.”

“ಕ್ಲೀನ್ ಮಾಡಿದ್ರೆ ಬಾಯಿ ಸೊಟ್ಟಾಗ್ತಾ? ಎನ್ನ ನೋಡು. ಎಲ್ಲ ಕೀಳ್ಸಿ ಸೆಟ್ಟು ಹಾಕ್ಸಿಬಿಟ್ಟಿ. ನೋವಿಲ್ಲೆ, ಗೀವಿಲ್ಲೆ. ರಾತ್ರೆ ಲೋಟದಲ್ಲಿ ಹಾಕಿಟ್ರೆ ಅದಕ್ಕೂ ನಿದ್ದೆ, ಎಂಗೂ ನಿದ್ದೆ.”

ಗಿರಿಜಕ್ಕ ನನಗಿಂತ ಸ್ವಲ್ಪವೇ ದೊಡ್ಡವಳು. ಮೊದಲ ಕಡಿತದ ಮೇಲೆ ಅವಳಿಗೆ ಎಷ್ಟೋ ವರ್ಷದಿಂದ ಕಣ್ಣಿದೆ ಎಂದು ನನಗೆ ಗೊತ್ತು. ಅದಕ್ಕೇ ಫಿಲ್ಲಿಂಗಿನ ಸುದ್ದಿ ಅವಳಿಗೆ ಹೇಳಲಿಲ್ಲ. ನಮ್ಮ ಮನೆಯವರಿಗೂ ಪೂರ್ತಿ ಹೇಳಲಿಲ್ಲ. ಅವರಿಗೆ ಹೇಳುವುದೂ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿಯುವುದೂ ಒಂದೇ.

ಆ ದಿನಗಳಲ್ಲಿ ನಾನು ಹಲ್ಲನ್ನು ಸಾಕಿದ ರೀತಿ ನೋಡಿದ್ದರೆ ನೀವು ನಗುತ್ತಿದ್ದಿರಿ. ಮಗುವಿನ ಬ್ರಷ್ಷಿನಂಥ ಮೆತ್ತನೆಯ ಬ್ರಷ್ ತಂದೆ, ಅದರ ಹಿಡಿಯ ಮೇಲೆ ಆನೆಯ ಚಿತ್ರ. ಬೇರೆ ಇರಲಿಲ್ಲ. ಕಾಫಿಯನ್ನು ಉಗುರುಬೆಚ್ಚಗೆ ಕುಡಿದೆ. ಅದು ಕಾಫಿಗೆ ಮಾಡುವ ಅವಮಾನ. ಗಂಜಿ, ತಂಬುಳಿ, ಮೆತ್ತಗೆ ಬೇಯಿಸಿದ ತೊಂಡೆಕಾಯಿ. ನಮ್ಮ ಮನೆಯವರು ಮೂರು ಹೊತ್ತೂ ಅದನ್ನೇ ಉಂಡು, ಕೊನೆಗೊಂದು ದಿನ ತಟ್ಟೆಯ ಮುಂದೆ ಕೈಮುಗಿದರು.

“ಅಲ್ದೇ, ಹುಷಾರಿಲ್ದೆ ಇಪ್ಪದು ನಿಂಗಾ ಎಂಗಾ?”

“ಇಬ್ರಿಗೂ ಒಳ್ಳೇದು. ಡೈಜೆಷನ್ನಿಗೆ.”

ಆದರೆ ಒಂದು ತೊಂದರೆಯಿತ್ತು. ಹಲ್ಲು ಕೂಡಿಸಿದಾಗಲೆಲ್ಲ ಫಿಲ್ಲಿಂಗೇ ಮೊದಲು ತಾಗುತ್ತಿತ್ತು. ಸಭೆಯಲ್ಲಿ ಎಲ್ಲರಿಗಿಂತ ಎತ್ತರದ ಪೇಟ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತವನಂತೆ. ವಿನುತಾ ಹೇಳಿದ್ದಳು, ಎತ್ತರ ಅನ್ನಿಸಿದರೆ ಬನ್ನಿ ಎಂದು. ನಾನು ಹೋಗಲಿಲ್ಲ. ಹೋದರೆ ಮತ್ತೆ ಚಕ್ಕುಲಿಯ ಮಾತು ಬರುತ್ತದೆ, ಈ ಸಲ ತುಟಿ ಮರಗಟ್ಟಿರುವುದಿಲ್ಲ, ಪ್ರಾಮಿಸ್ ಮಾಡಬೇಕಾಗುತ್ತದೆ. ನಾಲಿಗೆಗೆ ಹೇಳಿದೆ, ನೀನೇ ಉಜ್ಜಿ ಮಟ್ಟ ಮಾಡು.

ಕಂಬಳದ ದಿನ ಬಂತು. ಸುಬ್ರಾಯನ ಕಾರ್ ಷೆಡ್ಡಿನಲ್ಲಿ ಚಾಪೆ ಹಾಸಿ, ಬಾಳೆಲೆ ಹರವಿ, ಗಂಡಸರು ಕೂತಿದ್ದರು. ಮೂಲೆಯಲ್ಲಿ ದೊಡ್ಡ ಒಲೆ, ಬಾಣಲೆಯಲ್ಲಿ ಕೊಬ್ಬರಿಎಣ್ಣೆ, ಇಡೀ ಬೀದಿಗೆ ಹಬ್ಬದ ಪರಿಮಳ. ನಮ್ಮ ಮನೆಯವರು ಒಂದು ಚಕ್ಕುಲಿ ಸುತ್ತುವ ಹೊತ್ತಿಗೆ ಸುಬ್ರಾಯ ಒಂದು ಸಾಲನ್ನೇ ಸುತ್ತಿ ಮುಗಿಸುತ್ತಿದ್ದ.

“ಭಾವಾ, ಅದು ಚಕ್ಕುಲಿಯಾ, ಚೇರಟೆ ಹುಳನಾ?” ಎಂದ ಸುಬ್ರಾಯ.

“ಬಾಯಿಗೆ ಹೋದ ಮೇಲೆ ಎಲ್ಲ ಒಂದೇಯ. ಸುಮ್ನೆ ಸುತ್ತು ನೀನು,” ಎಂದರು ಇವರು.

ಮೊದಲ ಒಬ್ಬೆ ಎದ್ದಿತು. ಸುಬ್ರಾಯ ಕೈ ಒರೆಸಿಕೊಂಡು, ಬಾಳೆಲೆಯ ತುಂಡಿನ ಮೇಲೆ ಹೊಂಬಣ್ಣದ ಒಂದು ಚಕ್ಕುಲಿ ಇಟ್ಟು ನನ್ನ ಮುಂದೆ ಹಿಡಿದ. “ತಗ ಅತ್ಗೆ. ನೀ ಹೇಳಿದ್ ಮೇಲೇ ಮುಂದಿಂದು.”

ಹೊಸೆಯುವ ಕೈಗಳು ನಿಂತವು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಮುಂದಿನ ಹಲ್ಲಿನಿಂದ ಸ್ವಲ್ಪ ಚಿವುಟಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದು ಮೊದಲು ಯೋಚನೆ ಬಂತು. ಆದರೆ ಚಕ್ಕುಲಿಯ ಹದ ಮುಂದಿನ ಹಲ್ಲಿಗೆ ತಿಳಿಯುವುದಿಲ್ಲ. ಹೊರಸುತ್ತಿನಿಂದ ಒಳಸುತ್ತಿನವರೆಗೆ ಒಂದೇ ಹದದಲ್ಲಿ ಮುರಿಯಬೇಕು. ಅದು ದವಡೆಯ ಕೆಲಸ. ಬಲಗಡೆಗೇ ಒಯ್ದೆ. ಕಡಿಯಬೇಕು ಎನ್ನುವಷ್ಟರಲ್ಲಿ ಎತ್ತರದ ಆ ಫಿಲ್ಲಿಂಗ್ ಎಲ್ಲಕ್ಕೂ ಮೊದಲು ಚಕ್ಕುಲಿಗೆ ತಾಗಿತು. ಹಲ್ಲಿನ ಬುಡದಿಂದ ಕಿವಿಯವರೆಗೆ ಒಂದು ಸಣ್ಣ ಮಿಂಚು. ಇನ್ನೊಂದು ಚೂರು ಒತ್ತಿದರೆ ಗೋಡೆ ಹೋಯಿತು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಒಂದು ಕ್ಷಣ ಚಕ್ಕುಲಿ ಬಾಯಲ್ಲಿ, ನಾನು ಷೆಡ್ಡಿನಲ್ಲಿ, ಪ್ರಪಂಚ ನಿಂತಲ್ಲೇ ನಿಂತಿತ್ತು. ಆಮೇಲೆ ನಿಧಾನಕ್ಕೆ ಚಕ್ಕುಲಿಯನ್ನು ಹೊರತೆಗೆದು ಎಲೆಯ ಮೇಲಿಟ್ಟೆ.

“ಎನ್ನ ಹತ್ರ ಆಗ್ತಿಲ್ಲೆ ಸುಬ್ರಾಯ. ಹಲ್ಲಿಗೆ ಸಿಮೆಂಟ್ ಹಾಕ್ಸಿದ್ದಿ. ಕಡಿಯಲಾಗ ಹೇಳಿದ್ದು ಡಾಕ್ಟ್ರು.”

“ಅಯ್ಯೋ ಅತ್ಗೆ, ಮೊದ್ಲೇ ಹೇಳದಲ್ದಾ?”

“ಹಂಗಾರೆ ಆ ಗಂಜಿ!” ಎಂದು ನಮ್ಮ ಮನೆಯವರು ಹಣೆ ಬಡಿದುಕೊಂಡರು.

ಗಿರಿಜಕ್ಕ ಆಗಲೇ ಕೈ ಚಾಚಿದ್ದಳು. “ಎಂಗೊಂದು ಕೊಡು. ಎನ್ನ ಹಲ್ಲೆಲ್ಲ ಅಂಗಡೀದು. ಮುರಿದ್ರೆ ಹೊಸದು ತರ್ಲಕ್ಕು.”

ಅದೇ ಒಬ್ಬೆಯ ಇನ್ನೊಂದು ಚಕ್ಕುಲಿ ಎತ್ತಿ ಕೊಟ್ಟೆ. ಏನು ಮಾಡಲಿ? ಅತ್ತೆಯವರಂತೆ ನಾನೂ ಮೌನವಾಗಿ ಗೌರವದಿಂದ ಕೊಡಬೇಕೆಂದುಕೊಂಡಿದ್ದೆ. ಆದರೆ ನನ್ನ ಮುಖ ಟಿಫಿನ್ ಕಸಿದುಕೊಂಡ ಹುಡುಗಿಯ ಮುಖದ ಹಾಗಿತ್ತೆಂದು ಇವರು ಆಮೇಲೆ ಹೇಳಿದರು. ಗಿರಿಜಕ್ಕ ಸೆರಗು ಸರಿಮಾಡಿಕೊಂಡಳು, ಸುತ್ತ ನೋಡಿದಳು, ಕಡಿದಳು. ನನಗೆ ನೋಡಲಾಗಲಿಲ್ಲ, ಕಣ್ಣು ಮುಚ್ಚಿದೆ.

ಟಕ್.

“ಆತು!” ಎಂದಳು ಗಿರಿಜಕ್ಕ. “ಫಸ್ಟ್ ಕ್ಲಾಸ್ ಆಜು. ಹಾಕಿ ಮುಂದಿಂದು.”

ನನ್ನ ಬಾಯಿಂದ ತಾನಾಗಿಯೇ ಬಂತು: “ಅದು ಚಕ್ಕುಲಿ ಸದ್ದಲ್ಲ ಗಿರಿಜಕ್ಕ. ನಿನ್ನ ಸೆಟ್ಟಿನ ಸದ್ದು.”

ಷೆಡ್ಡಿಗೆ ಷೆಡ್ಡೇ ನಕ್ಕಿತು. ಗಿರಿಜಕ್ಕನ ಮೂಗು ಕೆಂಪಾಯಿತು. “ಎನ್ನ ಸೆಟ್ಟಿಗೆ ಎಂತದೂ ಹೇಳಡ ಶಾರದೆ! ಕಣ್ಣು ಮುಚ್ಕಂಡು ಕೂತವಕ್ಕೆ ಎಂತ ಗೊತ್ತಾಗ್ತು?”

“ಸುಬ್ರಾಯ, ನೀ ಕಡಿ ನೋಡನ,” ಎಂದೆ. ಕಣ್ಣು ತೆರೆಯಲಿಲ್ಲ. “ಬಾಯಿ ಮುಚ್ಚಡ. ತೆಕ್ಕಂಡೇ ಕಡಿ. ಸದ್ದು ಕೇಳವು.”

ಅವನು ಬೇರೊಂದು ಎತ್ತಿಕೊಂಡು ಕಡಿದ. ಹೊರಸುತ್ತು ‘ಗರಿಂ’ ಎಂದಿತು. ಅದರ ಹಿಂದೆಯೇ ಒಳಸುತ್ತು ಬಂತು. ಅದು ‘ಮಸಕ್’. ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ ನನಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ನನ್ನ ಹಲ್ಲು ಮಾಡುತ್ತಿದ್ದ ಗದ್ದಲದಲ್ಲಿ ಕಿವಿಗೆ ಮಾತಾಡಲು ಅವಕಾಶವೇ ಸಿಕ್ಕಿರಲಿಲ್ಲವೇನೋ.

“ಚೊಲೋ ಆಜು ಅತ್ಗೆ,” ಎಂದ ಸುಬ್ರಾಯ.

“ಆಜಿಲ್ಲೆ. ಹೊರಗಿನ ಸುತ್ತು ಬೆಂದಿದ್ದು, ಒಳಗಿಂದು ಬೆಂದಿಲ್ಲೆ. ಉರಿ ಜೋರಾಜು. ಮುರಿದು ನೋಡು.”

ಅವನು ಒಳಸುತ್ತನ್ನು ಮುರಿದು ಬೆಳಕಿಗೆ ಹಿಡಿದ. ನಡುವೆ ಬಿಳೀ ಹಿಟ್ಟು ಹಾಗೇ ಇತ್ತು. ಗಿರಿಜಕ್ಕ ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ “ಎನ್ನ ಸೆಟ್ಟಿಗೆ ಮೆತ್ತಂದು ಗಟ್ಟೀದು ಎಲ್ಲ ಒಂದೇಯ, ಅದು ಹೌದು,” ಎಂದು ತಾನೇ ನಕ್ಕಳು.

ಉರಿ ಸಣ್ಣ ಮಾಡಿದರು. ಎರಡನೆಯ ಒಬ್ಬೆ ಎದ್ದಿತು. ಈ ಸಲ ಕಡಿದವರು ನಮ್ಮ ಮನೆಯವರು. ಗಂಜಿ ಉಂಡ ಅಷ್ಟೂ ದಿನದ ಹಸಿವು ಆ ಒಂದು ಕಡಿತದಲ್ಲಿತ್ತು. ಗರಿಂ, ಗರಿಂ, ಗರಿಂ. ಹೊರಗಿನಿಂದ ಒಳಗಿನವರೆಗೆ ಒಂದೇ ರಾಗ.

“ಆತು!” ಎಂದೆ.

“ಎನ್ನದೂ ಕೇಳು,” ಎಂದು ಗಿರಿಜಕ್ಕ ನನ್ನ ಕಿವಿಗೆ ಬಾಯಿ ತಂದಳು. “ಅತ್ಗೆ, ಇದರದ್ದು ಎಂತ ಹೇಳು,” ಎಂದು ಸುಬ್ರಾಯ. ಆಮೇಲೆ ಸಾಲು ಸಾಲಾಗಿ ಎಲ್ಲರೂ ಬಂದು, ಬಾಯಿ ತೆರೆದು, ನನ್ನ ಕಿವಿಯ ಹತ್ತಿರ ಕಡಿದರು. ಸಿಸ್ಟರ್ ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡು ಕೂತು ಒಬ್ಬೊಬ್ಬರಿಗೂ ‘ಆತು’, ‘ಆತು’ ಎನ್ನುತ್ತಿದ್ದೆ. ಕಣ್ಣು ಬಿಟ್ಟಾಗ ಬುಟ್ಟಿ ಖಾಲಿ. ಗಣಪತಿಗೆ ಮೀಸಲಿಡಬೇಕಾದ ಒಬ್ಬೆಯನ್ನೇ ಪರೀಕ್ಷೆಯಲ್ಲಿ ಮುಗಿಸಿದ್ದರು. ಮತ್ತೆ ಹಿಟ್ಟು ನಾದಿದರು, ಮತ್ತೆ ನಕ್ಕರು.

ಮರುದಿನ ಒಂದು ಡಬ್ಬಿ ಚಕ್ಕುಲಿ ಹಿಡಿದು ವಿನುತಾಳ ಕ್ಲಿನಿಕ್ಕಿಗೆ ಹೋದೆ. ಅವಳು ಡಬ್ಬಿಯನ್ನೂ ನನ್ನನ್ನೂ ಅನುಮಾನದಿಂದ ನೋಡಿದಳು.

“ಸತ್ಯ ಹೇಳಿ ಟೀಚರ್. ಕಡಿದ್ರಾ?”

“ಇಲ್ಲ ಕಣೆ. ಆನ್ ಮೈ ಆನರ್.”

ಅವಳು ನೀಲಿ ಕಾಗದದ ಚೂರನ್ನು ಹಲ್ಲಿನ ನಡುವೆ ಇಟ್ಟು “ಟಕ್ ಟಕ್ ಅಂತ ಕಚ್ಚಿ” ಎಂದಳು. ನೀಲಿ ಬಿದ್ದಲ್ಲಿ ಉಜ್ಜಿದಳು. ಮತ್ತೆ ಕಚ್ಚಿಸಿದಳು, ಮತ್ತೆ ಉಜ್ಜಿದಳು. ಎತ್ತರದ ಪೇಟ ಇಳಿಯಿತು. ಹಲ್ಲುಗಳೆಲ್ಲ ಒಂದೇ ಸಾಲಿನಲ್ಲಿ ಒಟ್ಟಿಗೆ ಕೂತವು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದಿನ ಹೆದರಿ ಕೂತಿದ್ದೆನಲ್ಲ!

“ಗೋಡೆ ಸರಿಯಾಗಿದೆ ಟೀಚರ್. ನೀವು ಕಡಿದಿಲ್ಲ, ನಂಬಿದೆ. ಹಬ್ಬ ಕಳೀಲಿ, ಆಮೇಲೆ ಸಣ್ಣ ಸಣ್ಣ ಚೂರು ಮಾಡ್ಕೊಂಡು ತಿನ್ನಿ. ಇಡೀ ಚಕ್ಕುಲಿ ಇನ್ನು ಯಾವತ್ತೂ ಬೇಡ.”

ಇನ್ನು ಯಾವತ್ತೂ ಬೇಡ. ಮನೆಗೆ ನಡೆಯುವಾಗ ಆ ಮಾತನ್ನು ನಾಲಿಗೆಯ ಮೇಲಿಟ್ಟು ನೋಡಿದೆ. ಕಹಿಯಾಗಬೇಕಿತ್ತು, ಆಗಲಿಲ್ಲ. ಗೇಟಿನಲ್ಲೇ ಇದ್ದಾಗ ಫೋನು ಹೊಡೆದುಕೊಂಡಿತು. ಕೆಳಗಿನ ಬೀದಿಯವರ ಕಂಬಳ ಅಂದು, ಫೋನು ಮಾಡಿದವಳು ಅಲ್ಲಿದ್ದ ಸುಬ್ರಾಯನ ತಂಗಿ. ಸುದ್ದಿ ನನಗಿಂತ ಮೊದಲೇ ಇಳಿಜಾರು ಇಳಿದಿತ್ತು. ಹಿಂದಿನಿಂದ ಎಣ್ಣೆಯ ಚುರುಚುರು, ಹತ್ತಾರು ಜನರ ಗದ್ದಲ.

“ಅತ್ಗೇ, ಮೊದಲ್ನೇ ಒಬ್ಬೆ ಎದ್ದಿದ್ದು. ಎಲ್ಲ ಕಾಯ್ತಾ ಇದ್ದ. ಲಗೂನೆ ಬಾ. ಹಲ್ಲು ಮನೇಲೇ ಇಟ್ಟು ಬಂದ್ರೂ ಅಡ್ಡಿಲ್ಲೆ, ಕಿವಿ ಎರಡೂ ತಗಂಡು ಬಾ.”

ಗೇಟು ತೆರೆಯದೆ ಅಲ್ಲಿಂದಲೇ ತಿರುಗಿ ನಡೆದೆ.